ಮುಖವಿಲ್ಲದ ಎರಡು ಕೈಗಳಿಗೆ, ಎರಡನೆಯ ಕುರ್ಚಿಯ ವಿಚಾರವಾಗಿ

ಮಾನ್ಯ ಬಲಗೈಯವರೇ, ಮಾನ್ಯ ಎಡಗೈಯವರೇ (ತಮ್ಮಿಬ್ಬರಲ್ಲಿ ಯಾರು ಯಾರೆಂಬುದೇ ನನ್ನ ತಕರಾರಿನ ಮೂಲವಾದ್ದರಿಂದ, ಹೆಸರು ಹಿಂದುಮುಂದಾಗಿದ್ದರೆ ಅದಲುಬದಲು ಮಾಡಿಕೊಂಡು ಓದಿಕೊಳ್ಳಿ),

ಹತ್ತೂ ಬೆರಳುಗಳು ಕ್ಷೇಮವೆಂದು ನಂಬಿದ್ದೇನೆ. ತಿರುಗಿಸಿ ಬಣ್ಣ ಕೂಡಿಸುವ ಆರು ಪದರದ ದೊಡ್ಡ ಕ್ಯೂಬನ್ನು ಬೇಗ ಬಿಡಿಸುವುದು ಹೇಗೆಂದು ತಾವು ತೋರಿಸಿಕೊಟ್ಟ ನಲವತ್ತೊಂದು ವಿಡಿಯೊಗಳನ್ನು ಆರು ತಿಂಗಳ ಕಾಲ ಒಂದೂ ಬಿಡದೆ ನೋಡಿದ, ವೃತ್ತಿಯಿಂದ ಕ್ಷೌರಿಕನಾದ ನಾನು, ಮಣಿಕಟ್ಟಿನಿಂದ ಆಚೆಗೆ ತಮಗೆ ಏನೇನಿದೆ ಎಂಬುದನ್ನು ಇನ್ನೂ ಕಾಣದೆಯೇ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಮಾತಿಲ್ಲ, ಮುಖವಿಲ್ಲ, ಬೂದು ಬಣ್ಣದ ಮೇಜು, ಸಣ್ಣಗೆ ಸಂಗೀತ, ಎರಡು ಕೈ. ಕಲಿಸುವುದರಲ್ಲಿ ತಾವು ಎತ್ತಿದ ಕೈ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನನ್ನದು ಎರಡು ಕುರ್ಚಿಯ ಕಟಿಂಗ್ ಅಂಗಡಿ. ಮೊದಲನೆಯ ಕುರ್ಚಿಯ ಹಿಂದೆ ಮೂವತ್ತೊಂದು ವರ್ಷದಿಂದ ನಾನು ನಿಂತಿದ್ದೇನೆ. ನನ್ನ ಸ್ವಂತ ತಮ್ಮ ಬೇರೆ ಅಂಗಡಿ ಮಾಡಿಕೊಂಡು ಹೋದಾಗಿನಿಂದ ಎರಡನೆಯದರಲ್ಲಿ ಹಳೆಯ ಪತ್ರಿಕೆಗಳು ಕೂತಿವೆ. ಆ ಕುರ್ಚಿ ತನಗೆ ಬೇಕೆಂದು ಮಗಳು ಕೇಳಿದಳು. ಕಚೇರಿಯೊಂದರಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಸಿಕ್ಕಿತ್ತು, ಫ್ಯಾನಿನ ಕೆಳಗೇ ಮೇಜು ಕೊಡುತ್ತಾರಂತೆ. ಅದನ್ನು ಬಿಟ್ಟು ಅವಳಿಗೆ ಕತ್ತರಿ ಬೇಕು. ಅವಳು ಕೂದಲು ಕತ್ತರಿಸುವುದನ್ನು ಕಲಿತದ್ದು ವಿಡಿಯೊ ನೋಡಿ, ಅಭ್ಯಾಸ ಮಾಡಿದ್ದು ಅವಳ ಅಮ್ಮನ ತಲೆಯ ಮೇಲೆ. "ವಿಡಿಯೊ ನೋಡಿ ಕೈಕಸುಬು ಬರಲ್ಲ ಕಣಮ್ಮ, ಬರೋ ಹಾಗಿದ್ರೆ ಬೀದಿಗೊಬ್ಬ ಡಾಕ್ಟರ್ ಇರ್ತಿದ್ದ" ಎಂದೆ. ಆಡಿದ್ದು ಅದು, ಆಡದೆ ನುಂಗಿದ್ದು ಬೇರೆ: ಸಂಜೆಯ ಹೊತ್ತಿಗೆ ನನ್ನ ಪಾದಗಳು ಬಾತುಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲ, ಆ ಪಾದಗಳನ್ನು ಅವಳಿಗೆ ಬಳುವಳಿಯಾಗಿ ಕೊಡಲು ನನಗೆ ಮನಸ್ಸಿರಲಿಲ್ಲ.

ಅವಳು ಜಗಳವಾಡಲಿಲ್ಲ. ಚೀಲದಿಂದ ಹೊಚ್ಚಹೊಸ ಕ್ಯೂಬೊಂದನ್ನು ತೆಗೆದು ಬಾಚಣಿಗೆಗಳ ಪಕ್ಕದಲ್ಲಿಟ್ಟು, "ಸರಿ ಅಪ್ಪಾ, ಇದನ್ನ ಬರೀ ವಿಡಿಯೊ ನೋಡಿ ಕಲೀರಿ. ಆರು ತಿಂಗಳು ಟೈಮು. ಹತ್ತು ನಿಮಿಷದೊಳಗೆ ಬಿಡಿಸಿದ್ರೆ ನಿಮ್ಮ ಮಾತು ಸುಳ್ಳು, ಕುರ್ಚಿ ನಂದು. ಆಗದಿದ್ರೆ ನಿಮ್ಮ ಮಾತೇ ನಿಜ, ನಾನು ಬಾಯ್ಮುಚ್ಚಿಕೊಂಡು ಕಚೇರಿಗೆ ಹೋಗ್ತೀನಿ" ಎಂದಳು.

ಎಂಥ ಸುಲಭದ ಪಂದ್ಯವೆಂದು ತಾವೇ ನೋಡಿ. ಗೆಲ್ಲಲು ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಕಲಿಯದೆ ತೆಪ್ಪಗಿದ್ದರೆ ಸಾಕಿತ್ತು. ಆದರೆ ತಾವು ಬಿಟ್ಟಿರಾ? ಮೊದಲು ಪ್ರತಿ ಮುಖದ ನಡುವಿನ ಹದಿನಾರು ಚೌಕಗಳನ್ನು ಒಂದೇ ಬಣ್ಣಕ್ಕೆ ತರುವುದು, ಆಮೇಲೆ ಅಂಚಿನ ತುಂಡುಗಳನ್ನು ಜೊತೆಗೂಡಿಸುವುದು, ಕೊನೆಗೆ ಮೂಲೆಗಳನ್ನು ಕೂರಿಸುವುದು, ಇಷ್ಟನ್ನು ತಮ್ಮ ಬೆರಳುಗಳು ಅವಸರವಿಲ್ಲದೆ ಅವಸರದಲ್ಲಿ ಮಾಡುವುದನ್ನು ಕಂಡು, ಸೋಲಲೆಂದೇ ಕೂತಿದ್ದ ಮನುಷ್ಯನಿಗೆ ಕಲಿಯುವ ಚಟ ಹತ್ತಿತು. ಮೊದಲ ಸಲ ನಲವತ್ತೆಂಟು ನಿಮಿಷ ಹಿಡಿಯಿತು. ನಾಲ್ಕನೆಯ ತಿಂಗಳಿಗೆ ಹದಿನಾಲ್ಕು. ಐದನೆಯ ತಿಂಗಳ ಕೊನೆಗೆ ಒಂಬತ್ತೂಕಾಲು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳು ಒಣಗಿದ ನೊರೆಯಲ್ಲೇ ನಿದ್ದೆಹೋದ ಉದಾಹರಣೆಗಳಿವೆ, ಆ ಪಾಪದಲ್ಲಿ ಅರ್ಧ ತಮ್ಮದು.

ಇನ್ನು ಅಸಲು ದೂರಿಗೆ ಬರುತ್ತೇನೆ. ನನ್ನ ಅಂಗಡಿಯಲ್ಲಿ ಕರೆಂಟಿನ ಪ್ಲಗ್ಗು ಇರುವುದು ಹಿಂದಿನ ಗೋಡೆಯಲ್ಲಿ, ಚಾರ್ಜರಿನ ವೈರು ಒಂದು ಮೊಳ. ಹಾಗಾಗಿ ಮೊಬೈಲು ನಿಲ್ಲುತ್ತಿದ್ದದ್ದು ಹಿಂದಿನ ಗೋಡೆಯ ಪೌಡರ್ ಡಬ್ಬಗಳ ನಡುವೆ, ನಾನು ತಮ್ಮನ್ನು ನೋಡುತ್ತಿದ್ದದ್ದು ಎದುರಿನ ಕನ್ನಡಿಯಲ್ಲಿ. ರಸ್ತೆ, ಗಿರಾಕಿ, ಗಡಿಯಾರ, ನನ್ನ ನರೆತ ಮೀಸೆ, ಎಲ್ಲವನ್ನೂ ಆ ಕನ್ನಡಿಯಲ್ಲೇ ನೋಡಿ ಬದುಕಿದವನಿಗೆ ಅಲ್ಲೊಂದು ಕನ್ನಡಿಯಿದೆ ಎಂಬುದೇ ಮರೆತುಹೋಗಿತ್ತು. ಗಿರಾಕಿ "ಬಲಗಡೆ ಇನ್ನೊಂಚೂರು" ಎಂದರೆ ನನ್ನ ಕೈ ಯೋಚಿಸದೆ ಬಲಗಡೆಗೇ ಹೋಗುತ್ತದೆ. ಆದರೆ ಗೊತ್ತಿರುವುದನ್ನು ತಿರುಗಿಸಿಕೊಳ್ಳುವ ಕಣ್ಣು, ಗೊತ್ತಿಲ್ಲದ್ದನ್ನು ಕಂಡ ಹಾಗೆಯೇ ನಂಬಿಬಿಡುತ್ತದೆ. ಪರದೆಯ ಮೂಲೆಯಲ್ಲಿ ತಾವು ಬರೆಯುತ್ತಿದ್ದ ಅಕ್ಷರಗಳನ್ನು ನಾನು ಯಾವುದೋ ದೂರದೇಶದ ಲಿಪಿಯೆಂದು ತಿಳಿದು, ಗೌರವದಿಂದ ಓದದೆ ಬಿಟ್ಟೆ.

ತಮ್ಮ ಕ್ಯೂಬಿನಲ್ಲಿ ಬಿಳಿ ಮೇಲಿದ್ದು ಹಸಿರು ಎದುರಿಗಿದ್ದರೆ ಕೆಂಪು ಎಡಕ್ಕಿತ್ತು. ನನ್ನ ಹೊಸ ಕ್ಯೂಬಿನಲ್ಲಿ ಅದು ಬಲಕ್ಕಿತ್ತು. ಅಷ್ಟು ದೊಡ್ಡ ಗುರುಗಳು ತಪ್ಪುವುದುಂಟೇ? ಕಂಪನಿಯವರೇ ಕುಡಿದು ಅಂಟಿಸಿದ್ದಾರೆಂದು ತೀರ್ಮಾನಿಸಿ, ಗಡ್ಡ ಮೆತ್ತಗಾಗಲು ಇಡುವ ಬಿಸಿ ಟವೆಲನ್ನು ಅದಕ್ಕೆ ಸುತ್ತಿ, ಹೊಸ ಬ್ಲೇಡಿನ ತುದಿಯಿಂದ ಕೆಂಪಿನ ಮೂವತ್ತಾರು ಮತ್ತು ಕಿತ್ತಳೆಯ ಮೂವತ್ತಾರು ಚೀಟಿಗಳನ್ನು ಒಂದೂ ಹರಿಯದಂತೆ ಎಬ್ಬಿಸಿ, ಅದನ್ನು ಇದರ ಜಾಗಕ್ಕೆ, ಇದನ್ನು ಅದರ ಜಾಗಕ್ಕೆ ಅಂಟಿಸಿದೆ. ಮೂವತ್ತೊಂದು ವರ್ಷದ ಕೈಚಳಕವೆಲ್ಲ ಆ ಮಧ್ಯಾಹ್ನ ಖರ್ಚಾಯಿತು.

ಪಂದ್ಯದ ದಿನ ಬಂತು. ನಮ್ಮ ಹಳೆಯ ಗಿರಾಕಿ, ಶಾಲೆಯಲ್ಲಿ ಎರಡು ತಲೆಮಾರಿಗೆ ಎಡ-ಬಲ ಕಲಿಸಿ ನಿವೃತ್ತರಾದ ಡ್ರಿಲ್ ಮೇಷ್ಟ್ರು, ಸೀಟಿ ಮತ್ತು ಕೈಗಡಿಯಾರದ ಸಮೇತ ತೀರ್ಪುಗಾರರಾಗಿ ಕೂತರು. ಮಗಳು ಬೆಳಿಗ್ಗೆಯೇ ಬಂದು ಎರಡನೆಯ ಕುರ್ಚಿಯ ಪತ್ರಿಕೆಗಳನ್ನು ತೆಗೆದು ನೆಲದ ಮೇಲೆ ಜೋಡಿಸಿ, ಕುರ್ಚಿಯ ಹಿಡಿಗಳನ್ನು ಒರೆಸಿಟ್ಟಿದ್ದಳು. ಅದನ್ನು ನೋಡಿದಾಗಲೇ ನಾನು ಯಾರ ಕಡೆಗಿದ್ದೇನೆಂದು ನನಗೆ ತಿಳಿದುಹೋಯಿತು. ನನಗೆ ಗೆಲ್ಲಬೇಕಾಗಿತ್ತು, ಅಂದರೆ ಅವಳು ಗೆಲ್ಲಬೇಕಾಗಿತ್ತು.

ನನ್ನ ಕ್ಯೂಬನ್ನು ಕೈಗೆತ್ತಿಕೊಂಡ ಮಗಳು "ಇದರ ತುಂಬ ಕೂದಲು ಸಿಕ್ಕಿಕೊಂಡಿದೆ, ಚೀಟಿ ಬೇರೆ ಏಳ್ತಿದೆ, ನಂದು ತಗೊಳ್ಳಿ" ಎಂದು ತನ್ನದೇ ಕ್ಯೂಬನ್ನು ಕಲಸಿ ಕೊಟ್ಟಳು. ಅದರಲ್ಲಿ ಚೀಟಿಯೇ ಇಲ್ಲ, ಪ್ಲಾಸ್ಟಿಕ್ಕೇ ಬಣ್ಣದ್ದು. ತಮಗೆ ತಿಳಿಯದ್ದೇನಲ್ಲ: ಆರು ಪದರದ ಕ್ಯೂಬಿಗೆ ಕದಲದ ನಡುಚೌಕವಿಲ್ಲ, ಯಾವ ಬಣ್ಣದ ಪಕ್ಕ ಯಾವುದು ಬರಬೇಕೆಂಬುದನ್ನು ನಾವೇ ನೆನಪಿಟ್ಟು ಕೂರಿಸಬೇಕು. ನಾನು ತಮಗೆ ಮನಸ್ಸಿನಲ್ಲೇ ವಂದಿಸಿ ಕೆಂಪನ್ನು ಎಡಕ್ಕೆ ಕೂರಿಸಿದೆ. ಆರು ಮುಖದ ನಡುಭಾಗ ಆಯಿತು, ಅಂಚುಗಳು ಆದವು, ಮೇಷ್ಟ್ರು "ಏಳು ನಿಮಿಷ ಐವತ್ತು" ಎಂದರು, ಮಗಳು ತಾನು ಕೂತಿದ್ದ ಕುರ್ಚಿಯ ತುದಿಗೆ ಬಂದಳು. ಮೊದಲ ಮೂಲೆ ಕೂರಲಿಲ್ಲ. ಬಿಳಿಯನ್ನು ಮೇಲಿಟ್ಟರೆ ಹಸಿರಿನ ಜಾಗದಲ್ಲಿ ಕೆಂಪು, ಕೆಂಪಿನ ಜಾಗದಲ್ಲಿ ಹಸಿರು. ಮತ್ತೊಂದು ಮೂಲೆ ಹಿಡಿದೆ, ಅದೂ ಹಾಗೆಯೇ. ನನಗೆ ಬೇಕಾದ ಮೂಲೆ ಆ ಕ್ಯೂಬಿನಲ್ಲಿ ಹುಟ್ಟಿಯೇ ಇರಲಿಲ್ಲ. ನಾನು ತಿರುಗಿಸುತ್ತಲೇ ಇದ್ದೆ, ಮೇಷ್ಟ್ರು ಸೀಟಿ ಊದಿದರು. ಮಾನ್ಯರೇ, ಕೈಗಳೇ ಆಗಿ ಹುಟ್ಟಿದ ತಾವು, ಇಡೀ ಲೋಕದಲ್ಲಿ ಮತ್ತಾರೂ ಕೊಡದ ಹಾಗೆ ನನಗೆ ಕೈಕೊಟ್ಟಿರಿ.

ಮಗಳು ನೆಲದ ಮೇಲಿದ್ದ ಪತ್ರಿಕೆಗಳನ್ನು ಒಂದೊಂದಾಗಿ ಎತ್ತಿ ಎರಡನೆಯ ಕುರ್ಚಿಯ ಮೇಲೆ ಮತ್ತೆ ಇಡತೊಡಗಿದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ. ಈ ಕ್ಯೂಬೇ ಸರಿಯಿಲ್ಲ, ನನ್ನದರಲ್ಲಿ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಮೇಷ್ಟ್ರು ಗೊಣಗಿದರೂ ನನ್ನ ಕ್ಯೂಬನ್ನು ಸ್ವತಃ ಕಲಸಿ, ಮತ್ತೆ ಗಡಿಯಾರ ಹಿಡಿದರು. ಒಂಬತ್ತು ನಿಮಿಷ ಎಂಟು ಸೆಕೆಂಡು! ಮಗಳು ಎರಡೂ ಕ್ಯೂಬುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಳು. ಗೋಡೆಯ ಮೇಲಿದ್ದ ಮೊಬೈಲು ನೋಡಿದಳು, ಕನ್ನಡಿ ನೋಡಿದಳು, ನನ್ನ ಮುಖ ನೋಡಿದಳು. "ಅಪ್ಪಾ, ಆರು ತಿಂಗಳೂ ಕನ್ನಡೀಲೇ ನೋಡಿದ್ರಾ?" ಎಂದವಳು ಆ ಪತ್ರಿಕೆಗಳ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸುದ್ದಿ ಮನೆಗೆ ಮುಟ್ಟಿದಾಗ ಅವಳ ಅಮ್ಮ "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ, ಇವರಿಗೆ ಅಂಗೈ ನೋಡೋಕೂ ಕನ್ನಡಿ ಬೇಕು" ಎಂದಳು.

ಪಂದ್ಯದ ಮಾತಿನ ಪ್ರಕಾರ ನಾನು ಸೋತಿದ್ದೆ, ಅಂದರೆ ಗೆದ್ದಿದ್ದೆ. ಆದರೆ ಎಲ್ಲಿಯೂ ಒಂದು ತಿರುವು ತಪ್ಪದೆ, ಎಡವನ್ನು ಬಲ ಮಾಡಿ, ಬಣ್ಣವನ್ನು ಕಿತ್ತು ಅಂಟಿಸಿ, ತಮ್ಮ ನಲವತ್ತೊಂದು ವಿಡಿಯೊಗಳನ್ನು ಕನ್ನಡಿಯ ಸಮೇತ ಕಲಿತವನು, ವಿಡಿಯೊ ನೋಡಿ ಕೈಕಸುಬು ಬರುವುದಿಲ್ಲವೆಂದು ಇನ್ನು ಯಾವ ಬಾಯಲ್ಲಿ ಹೇಳಲಿ? ಮಗಳನ್ನು ಎಬ್ಬಿಸಿ, ಪತ್ರಿಕೆಗಳನ್ನು ಹೊತ್ತುಕೊಂಡು ಹೋಗಿ ರಸ್ತೆಯಾಚೆಯ ಗುಜರಿಯವನ ಗಾಡಿಗೆ ಹಾಕಿಬಂದೆ.

ಆದಕಾರಣ ತಮ್ಮಲ್ಲಿ ನನ್ನ ವಿನಯಪೂರ್ವಕ ಬೇಡಿಕೆ ಏನೆಂದರೆ, ನಲವತ್ತೊಂದೂ ವಿಡಿಯೊಗಳನ್ನು ಕ್ಷೌರಿಕರ ಸಲುವಾಗಿ ತಿರುಗುಮುರುಗಾಗಿ ಮತ್ತೊಮ್ಮೆ ಚಿತ್ರೀಕರಿಸಬೇಕು. ಅದಾಗದಿದ್ದರೆ ಎಡಗೈಯವರು ಬಲಗೈಯ ಜಾಗಕ್ಕೂ ಬಲಗೈಯವರು ಎಡಗೈಯ ಜಾಗಕ್ಕೂ ಕಾಯಂ ವರ್ಗಾವಣೆ ತೆಗೆದುಕೊಳ್ಳಬೇಕು. ಅದೂ ಆಗದಿದ್ದರೆ ನನ್ನ ಚಾರ್ಜರಿಗೆ ನಾಲ್ಕು ಮೊಳ ವೈರು ಕಳಿಸಿಕೊಡಬೇಕು. ಆ ಕ್ಯೂಬಿನ ಕಂಪನಿಯವರನ್ನು ತಾವು ಬಲ್ಲಿರಾದರೆ, ನಾನು ಮನಸ್ಸಿನಲ್ಲಿ ಬೈದದ್ದನ್ನೆಲ್ಲ ವಾಪಸು ಪಡೆದಿದ್ದೇನೆಂದು ತಿಳಿಸಿ.

ಎಡ ಬಲ ಯಾವುದೆಂದು ಈಗ ಪ್ರತಿಸಲವೂ ಕೈ ಮುಟ್ಟಿ ನೋಡಿಕೊಳ್ಳುವ,
ಆದರೂ ತಮ್ಮ ವಿಶ್ವಾಸಿ,
ಮೊದಲನೆಯ ಕುರ್ಚಿಯವನು

ಮರೆತಿದ್ದ ಮಾತು: ತಮ್ಮ ಹೆಬ್ಬೆರಳೊಂದರ ಉಗುರು ವಿಪರೀತ ಬೆಳೆದಿದೆ, ಯಾವ ಕೈಯದೆಂದು ಆಣೆಮಾಡಿ ಹೇಳಲಾರೆ. ಮೇಲೆ ತಲೆ ಎಂಬುದೇನಾದರೂ ತಮಗಿದ್ದರೆ ಒಮ್ಮೆ ಅಂಗಡಿಗೆ ತಂದು ಎರಡನೆಯ ಕುರ್ಚಿಯಲ್ಲಿ ಕೂರಿಸಿ. ನಿನ್ನೆ ಅಲ್ಲಿ ನಾನೇ ಕೂತಿದ್ದೆ. ಮಗಳು ಎಡಗಡೆ ಕೂದಲು ಹೆಚ್ಚು ಬಿಟ್ಟಿದ್ದಾಳೆಂದು ಕನ್ನಡಿಯಲ್ಲಿ ಕಂಡು ಬಾಯಿ ತೆರೆದವನು, ಕನ್ನಡಿಯ ಮಾತು ನಂಬಿ ಕೆಟ್ಟದ್ದು ನೆನಪಾಗಿ ಎರಡೂ ಕೈ ಎತ್ತಿ ಮುಟ್ಟಿ ನೋಡಿಕೊಂಡೆ. ಸಮವಾಗಿತ್ತು.