ಜಾಣಕಿವುಡಿಗೊಂದು ಸ್ಪೀಕರ್

ಹೊರಗೆ ಬೆಳಕು ಹರಿಯುವಷ್ಟರಲ್ಲಿ ನಾನು ನೀರು ಹಿಡಿದು, ಹಾಲು ಕಾಯಿಸಿ, ರಾತ್ರಿಯ ಪಾತ್ರೆ ತಿಕ್ಕಿ, ಡಬ್ಬಿಗಳನ್ನು ತುಂಬಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿ, ಯಜಮಾನರ ಎಡಗಾಲಿನ ಕಾಲುಚೀಲವನ್ನು ಪತ್ತೆಹಚ್ಚಿರುತ್ತೇನೆ. (ಬಲಗಾಲಿನದನ್ನು ಅವರೇ ಹುಡುಕಿಕೊಳ್ಳುತ್ತಾರೆ. ಸ್ವಾವಲಂಬಿ ಮನುಷ್ಯ.) ಇಷ್ಟಕ್ಕೆ ಪ್ರತಿಯಾಗಿ ನಾನು ಬಯಸಿದ್ದು ಒಂದೇ: ಸಂಜೆಯ ಧಾರಾವಾಹಿಯನ್ನು ಪೂರ್ತಿ ಕೇಳಬೇಕು. ನೋಡಬೇಕು ಎನ್ನುವಷ್ಟು ದುರಾಸೆ ನನಗಿಲ್ಲ.

ನಮ್ಮ ಹಾಲ್ ರೈಲು ಬೋಗಿಯ ಹಾಗೆ ಉದ್ದ. ಆ ತುದಿಯಲ್ಲಿ ಟಿವಿ, ಸೋಫಾ, ಸೋಫಾದ ಮೇಲೆ ಯಜಮಾನರು, ಅತ್ತೆ, ಮಗಳು. ಈ ತುದಿಯಲ್ಲಿ ಒಲೆ, ಸಿಂಕು, ನಾನು. ಟಿವಿಯ ಮಾತು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿ ಕಡ್ಡಿಯಾಗಿರುತ್ತದೆ. ನಾಯಕಿ ಅತ್ತಳೋ ಸೀನಿದಳೋ ತಿಳಿಯದೆ ವರ್ಷಗಳನ್ನೇ ಕಳೆದಿದ್ದೇನೆ.

"ರೀ, ಈ ಕಡೆಗೂ ಒಂದು ಸ್ಪೀಕರ್ ಹಾಕಿಸಿ" ಎಂದೆ.

"ಆಗಲಿ" ಎಂದರು. ಅನುಮಾನ ಬರಬೇಕಿದ್ದದ್ದು ಅಲ್ಲೇ.

ಮೈದುನ ಬಂದ. ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವವನು. ಗೋಡೆಗುಂಟ ವೈರ್ ಎಳೆದು, ಸೋಫಾದ ಹಿಂದೆ ಎರಡು, ನನ್ನ ಒಲೆಯ ಮೇಲಿನ ಶೆಲ್ಫಿನಲ್ಲಿ ಒಂದು ಸ್ಪೀಕರ್ ಪ್ರತಿಷ್ಠಾಪಿಸಿದ. (ಕೊರೆದ ಗೋಡೆಯ ಧೂಳು ತಾನಾಗಿಯೇ ಹೋಯಿತು ಎಂದು ಮನೆಯವರ ನಂಬಿಕೆ.)

"ಕೇಳ್ತಾ ಇದ್ಯಾ ಅತ್ತಿಗೆ?"

"ನಾಯಕಿಯ ಉಸಿರೂ ಕೇಳ್ತಿದೆ ಕಣಪ್ಪ" ಎಂದು ಹಿಗ್ಗಿದೆ.

ಹೋಗುವಾಗ ಅಣ್ಣನ ಕೈಗೊಂದು ಹಳೆಯ ಮೈಕ್ ಕೊಟ್ಟ. "ನೀನು ಕೇಳಿದ್ಯಲ್ಲ, ತಗೋ. ಗುಂಡಿ ಒತ್ತಿದ್ರೆ ಒಲೆ ಮೇಲಿನ ಸ್ಪೀಕರ್‌ನಲ್ಲಿ ಮಾತ್ರ ಟಿವಿ ನಿಂತು ನಿನ್ನ ದನಿ ಬರುತ್ತೆ. ನಿಮ್ಮ ಸೀರಿಯಲ್‌ಗೇನೂ ತೊಂದರೆಯಿಲ್ಲ."

ಅಂದು ಸಂಜೆ ನಾಯಕಿ "ನಾನು ಯಾಕೆ ಮನೆ ಬಿಟ್ಟೆ ಅಂದ್ರೆ" ಎಂದು ಬಾಯಿ ತೆರೆದಳು. ನೆತ್ತಿಯ ಮೇಲೆ ಅಶರೀರವಾಣಿಯಾಯಿತು: "ಒಂದು ಟೀ. ಸಕ್ಕರೆ ಕಮ್ಮಿ."

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಮದುವೆಯಾದಾಗಿನಿಂದ ಈ ಹಾಲಿನ ಉದ್ದವೇ ನನ್ನ ರಜೆ. ಅವರು "ನೀರು" ಎಂದಾಗ ಮಿಕ್ಸಿ ತಿರುಗುತ್ತಿತ್ತು. "ಕನ್ನಡಕ" ಎಂದಾಗ ನಲ್ಲಿ ಸುರಿಯುತ್ತಿತ್ತು. ಕೂಗಿ ಕೂಗಿ ಗಂಟಲು ಸೋತ ಮೇಲೆ ಅವರೇ ಎದ್ದು ಹೋಗುತ್ತಿದ್ದರು. ಸಂಬಳವಿಲ್ಲದ ನೌಕರಿಯಲ್ಲಿ ನನಗಿದ್ದ ಏಕೈಕ ಸವಲತ್ತು, ಜಾಣಕಿವುಡು. ಅದನ್ನು ನಾನೇ ಕೇಳಿ ಕಳೆದುಕೊಂಡೆ. ಬೇಲಿ ಮೇಲಿನ ಓತಿಕ್ಯಾತವನ್ನು ಹೆಗಲಿಗೆ ಬಿಟ್ಟುಕೊಳ್ಳುವುದೆಂದರೆ ಇದೇ.

"ಏನಂದ್ರಿ? ಕೇಳಿಸ್ಲಿಲ್ಲ" ಎಂದು ನೋಡಿದೆ.

"ಪಕ್ಕದ ಮನೆಯವರಿಗೇ ಕೇಳಿಸಿದೆ. ನಿಮಗೆ ಶುಗರ್ರಾ ಅಂತ ವಿಚಾರಿಸ್ತಿದಾರೆ."

ಮೈಕ್ ಅತ್ತೆಯ ಕೈಗೆ ಹೋಯಿತು. "ನನ್ನ ಮಂಡಿ ಎಣ್ಣೆ ಎಲ್ಲೇ?"

"ನಿಮ್ಮ ಮಂಡಿ ಪಕ್ಕದಲ್ಲೇ ಇದೆ ಅತ್ತೆ."

ಆಮೇಲೆ ಮಗಳು. "ಅಮ್ಮಾ, ಚಾರ್ಜರ್."

"ನಿನಗೇನು ಕಾಲಿಲ್ವಾ?"

"ನಿನಗೆ ಕಿವಿ ಬಂದ್ಮೇಲೆ ನಮಗೆ ಕಾಲ್ಯಾಕಮ್ಮ?"

ಮೂವರೂ ನಕ್ಕರು. ನಗು ಸ್ಪೀಕರಿನಲ್ಲಿ ಬಹಳ ಸ್ಪಷ್ಟವಾಗಿತ್ತು.

ಹೀಗೆ ವಾರ ಕಳೆದು, ಮಗುವಿನ ತಂದೆ ಯಾರೆಂದು ನಾಯಕಿ ಬಾಯಿಬಿಡುವ ಸಂಜೆ ಬಂತು. ಧಾರಾವಾಹಿ ಶುರುವಾದಾಗಿನಿಂದ ನಾನು ಕಾದಿದ್ದ ಹೆಸರು ಅದು. ಸೌಟು ಹಿಡಿದು ಶೆಲ್ಫಿನ ಕೆಳಗೆ ನಿಂತೆ. "ಇನ್ನು ಮುಚ್ಚಿಡಲ್ಲ. ಇವನ ಅಪ್ಪ..." ಎಂದು ಅವಳು ಬಿಕ್ಕಿದಳು. ಆ ತುದಿಯಲ್ಲಿ ಯಜಮಾನರು ಕಣ್ಣನ್ನು ಟಿವಿಯಲ್ಲೇ ನೆಟ್ಟು, ಕೈಯಿಂದ ಮೈಕಿಗೆ ತಡಕಾಡುತ್ತಿದ್ದರು.

ಸ್ಪೀಕರಿನ ಪ್ಲಗ್ ಒಲೆಯ ಪಕ್ಕದಲ್ಲೇ ಇತ್ತು. ಇದ್ದರೆ ಟಿವಿ, ಮೈಕು ಎರಡೂ ಕೇಳುತ್ತವೆ, ಕಿತ್ತರೆ ಎರಡೂ ಇಲ್ಲ.

ಕಿತ್ತೆ.

ದೂರದಲ್ಲಿ ನಾಯಕಿಯ ತುಟಿ ಅಲ್ಲಾಡಿತು. ಅತ್ತೆ ಹಣೆ ಬಡಿದುಕೊಂಡರು, ಮಗಳು ಸೋಫಾ ಮೇಲೆ ಎದ್ದು ನಿಂತಳು. ಯಜಮಾನರು ಮೈಕಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ನೋಡಿದರು. ನಾನು ಸೌಟು ಕೆಳಗಿಟ್ಟು, ಸ್ಟೂಲ್ ಎಳೆದುಕೊಂಡು, ಅವರಿಗೆ ಬೆನ್ನು ಹಾಕಿ ಕೂತೆ.