ಅಮಾವಾಸ್ಯೆಗೊಮ್ಮೆ ಇಂಜಿನ್ ಆಯಿಲ್

ಗಂಡಸಾದವನು ತನ್ನ ಕೈಲಾಗದ ಕೆಲಸವನ್ನು ಮುಚ್ಚಿಡಲು ಪಡುವ ಕಷ್ಟದಲ್ಲಿ ಕಾಲುಭಾಗ ಪಟ್ಟರೂ ಆ ಕೆಲಸವನ್ನೇ ಕಲಿತುಬಿಡಬಹುದು. ನನಗಿದು ಬಹಳ ತಡವಾಗಿ ಹೊಳೆಯಿತು. ನನಗೆ ಬಾರದ ಕೆಲಸಗಳು ಬೇಕಾದಷ್ಟಿವೆ. ಈಜು ಬಾರದು, ಪಟಪಟನೆ ರೊಟ್ಟಿ ತಟ್ಟುವವರನ್ನು ಕಂಡರೆ ಈಗಲೂ ಬೆರಗು. ಅವನ್ನೆಲ್ಲ ಧಾರಾಳವಾಗಿ ಒಪ್ಪಿಕೊಳ್ಳುತ್ತೇನೆ. ಒಂದನ್ನು ಮಾತ್ರ ಎರಡು ವರ್ಷ ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನನಗೆ ಮೋಟಾರ್ ಸೈಕಲ್ಲನ್ನು ಸೆಂಟರ್ ಸ್ಟ್ಯಾಂಡ್ ಹಾಕಲು ಬರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತ. ಗಾಡಿ ಮನೆಗೆ ಬಂದ ದಿನವೇ ಎರಡೂ ಕೈಯಿಂದ ಅದನ್ನು ಎತ್ತಿ ಹಿಂದಕ್ಕೆಳೆದೆ. ಗಾಡಿ ಸ್ಟ್ಯಾಂಡಿನ ಮೇಲೆ ಏರುವ ಬದಲು ನನ್ನ ಮೇಲೆ ಏರಿತು. ಪುಣ್ಯಕ್ಕೆ ಹೆಂಡತಿ ಕೊಟ್ರಮ್ಮ ಒಳಗಿದ್ದಳು. ಅಂದಿನಿಂದ ಸೈಡ್ ಸ್ಟ್ಯಾಂಡೇ ಗತಿ. ಯಾರಾದರೂ ಕೇಳಿದರೆ, "ಓರೆಯಾಗಿ ನಿಂತರೇ ಗಾಡಿಗೊಂದು ಗತ್ತು" ಎನ್ನುತ್ತಿದ್ದೆ. ಗತ್ತಿನ ಬಗ್ಗೆ ಮಾತಾಡುವವರಿಗೆ ಸಾಮಾನ್ಯವಾಗಿ ಸೊಂಟದಲ್ಲಿ ಬಲವಿರುವುದಿಲ್ಲ.

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಲಿ ಇರುವುದಕ್ಕೆಲ್ಲ ಸ್ನಾನ, ವಿಭೂತಿ, ತೆಂಗಿನಕಾಯಿ. ನಾನು ಓದಿದವನಲ್ಲವೇ, ಪೂಜೆಯ ಜೊತೆಗೆ ಒಂದಿಷ್ಟು ವಿಜ್ಞಾನವೂ ಇರಲಿ ಎಂದು ಮಂಗಳಾರತಿಯಾದ ಮೇಲೆ ಇಂಜಿನ್ ಆಯಿಲ್ ನೋಡುವ ಪದ್ಧತಿ ಇಟ್ಟುಕೊಂಡೆ. ಇಂಜಿನ್ನಿನ ಬಲಮಗ್ಗುಲಲ್ಲಿ ಒಂದು ಬಿರಡೆ, ಅದಕ್ಕಂಟಿಕೊಂಡು ಒಂದು ಕಡ್ಡಿ. ಕಡ್ಡಿಯ ಮೇಲೆ ಎರಡು ಗೀರು, ಎಣ್ಣೆ ಅವುಗಳ ನಡುವೆ ಇರಬೇಕು. ನನ್ನ ಗಾಡಿಯಲ್ಲಿ ಪ್ರತಿ ಅಮಾವಾಸ್ಯೆಗೂ ಅದು ಕೆಳಗಿನ ಗೀರಿಗೂ ಮುಟ್ಟುತ್ತಿರಲಿಲ್ಲ. ನಾನು ಹುಯ್ಯುತ್ತಿದ್ದೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಕಮ್ಮಿ, ಮತ್ತೆ ಹುಯ್ಯುತ್ತಿದ್ದೆ. ಕೊನೆಕೊನೆಗೆ ಗಾಡಿ ನೀಲಿ ಹೊಗೆ ಬಿಡತೊಡಗಿತು. ನಾನು ಹಾದುಹೋದರೆ ಓಣಿಯವರು ಸೆರಗು, ಟವೆಲು ಮೂಗಿಗೆ ಹಿಡಿಯುತ್ತಿದ್ದರು.

ಇದೇ ಹೊತ್ತಿಗೆ ಕೊಟ್ರಮ್ಮನಿಗೆ ಶಿಕ್ಷಕಿಯಾಗಿ ಕೆಲಸದ ಆದೇಶ ಬಂತು. ನಾಲ್ಕು ವರ್ಷ ಕಾದು ಬಂದ ಕೆಲಸ. ಹಂಪಸಾಗರದಿಂದಾಚೆ ಒಂದು ಸಣ್ಣ ಹಳ್ಳಿ. ಅಲ್ಲಿಗೆ ಹೋಗುವ ಒಂದೇ ಬಸ್ಸು ಮಕ್ಕಳು ಮಧ್ಯಾಹ್ನದ ಊಟಕ್ಕೆ ಎದ್ದಾಗ ಮುಟ್ಟುತ್ತಿತ್ತು. ಹಾಗಾಗಿ ನಾನು ದಿನಾ ಬೆಳಿಗ್ಗೆ ಗಾಡಿಯಲ್ಲಿ ಬಿಟ್ಟು ಬರಬೇಕು. ಒಂದು ವಾರದೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಇಷ್ಟು ಹೊಗೆ ಬಿಡುವ ಗಾಡಿ ದಿನಾ ಅಷ್ಟು ದೂರ ಓಡೀತೇ ಎಂದು ಮೆಕ್ಯಾನಿಕ್ ಖಾದರ್ ಸಾಬರ ಬಳಿ ಓಡಿದೆ. ಅವರು ಕಡ್ಡಿಗೆ ಕೈ ಹಾಕಿದಾಗ ತಡೆದು, "ನಾನೇ ತಿಂಗಳಾ ತಿಂಗಳಾ ನೋಡಿ ಹಾಕ್ತೀನಿ. ಹಾಕಿದ್ದೆಲ್ಲಾ ಕುಡಿದುಬಿಡ್ತೈತ್ರಿ" ಎಂದೆ. ಓದಿದವನ ಮಾತು ನಂಬಿ ಅವರು ಕೈ ಹಿಂದಕ್ಕೆ ತೆಗೆದರು. "ಹಂಗಾರ ಇಂಜಿನ್ ಒಳಗಿನ ರಿಂಗ್ ಸವದು ಹೋಗ್ಯಾವ ಸರ. ಇಂಜಿನ್ ಬಿಚ್ಚಬೇಕು, ಸಾಮಾನು ಬಂದು ಕೂಡಿಸಾಕ ತಿಂಗಳಾಕ್ಕತಿ. ಅದಕ್ಕಿಂತ ಮಾರಿಬಿಡ್ರಿ, ಗಿರಾಕಿ ನಾ ಕಳಿಸ್ತೀನಿ."

ಮನೆಗೆ ಬಂದು ಹೇಳಿದಾಗ ಕೊಟ್ರಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ಇರ್ಲಿ ಬಿಡ್ರಿ, ಮುಂದಿನ ಸಲ ನೋಡಾಣ" ಎಂದು ಆದೇಶದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗಿಟ್ಟಳು. ಅವಳು ಬೈದಿದ್ದರೆ ಅಂದು ನಾನು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ.

ಎರಡು ದಿನ ಬಿಟ್ಟು ಸಾಬರು ಕಳಿಸಿದ ಗಿರಾಕಿ, ಕಾನಹೊಸಹಳ್ಳಿಯ ಕುರಿ ವ್ಯಾಪಾರದ ಬೊಮ್ಮಣ್ಣ ಗಾಡಿ ನೋಡಲು ಬಂದ. ಸಂತೆಯಲ್ಲಿ ಟಗರಿನ ಬೆನ್ನು ಹಿಸುಕಿ ನೋಡುವ ಹಾಗೆ ಗಾಡಿಯ ಮೈಮೇಲೆಲ್ಲ ಕೈಯಾಡಿಸಿದ. ಆಮೇಲೆ ಮಾತಾಡುತ್ತಲೇ ಅದನ್ನು ಸೆಂಟರ್ ಸ್ಟ್ಯಾಂಡ್ ಹಾಕಿಬಿಟ್ಟ. ಕಡ್ಡಿ ತಿರುವಿ ತೆಗೆದು, ಹೆಗಲ ಟವೆಲಿನಿಂದ ಒರೆಸಿ, ಅದ್ದಿ, ಮತ್ತೆ ತೆಗೆದ. ಮೇಲಿನ ಗೀರು ದಾಟಿ ಬಿರಡೆಯ ಬುಡದವರೆಗೂ ಎಣ್ಣೆ!

"ಯಾರ್ರೀ ಸರ, ಇದಕ್ಕ ಗಂಟಲಮಟ ಎಣ್ಣಿ ಕುಡಿಸಿದೋರು?"

"ಕಮ್ಮಿ ಇತ್ತಲ್ಲಪ್ಪ..."

"ಸೈಡ್ ಸ್ಟ್ಯಾಂಡ್‌ನಾಗ ನೋಡೀರೇನು? ಎಡಕ್ಕ ವಾಲಿದ್ರ ಎಣ್ಣಿ ಎಲ್ಲಾ ಎಡಕ್ಕ ಹೋಗತೈತಿ. ಬಲಗಡೆ ಕಡ್ಡಿಗೆ ಏನ್ ಸಿಗಬೇಕು?"

ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮ ನಿಧಾನವಾಗಿ ಕೇಳಿದಳು. "ಸೆಂಟರ್ ಸ್ಟ್ಯಾಂಡ್ ಯಾಕ ಹಾಕ್ಲಿಲ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಟ್ರಂಕಿನ ತಳದ ಕಾಗದ ನೆನಪಾಯಿತು. "ನನಗ ಬರಂಗಿಲ್ಲ" ಎಂದೆ. ಎರಡು ವರ್ಷದ ಭಾರ ಇಳಿದಂತಾಯಿತು.

ಬೊಮ್ಮಣ್ಣ ಕೆಳಗಿನ ಬೋಲ್ಟ್ ಸಡಿಲಿಸಿ ಹೆಚ್ಚಿನ ಎಣ್ಣೆಯನ್ನು ಬೋಗುಣಿಗೆ ಇಳಿಸಿದ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಹೊಗೆ ಮುಕ್ಕಾಲು ತಗ್ಗಿತ್ತು. "ಇನ್ನ ಎಲ್ಡು ದಿನ ಓಡಿಸ್ರಿ, ಉಳಿದದ್ದೂ ಹೋಗತೈತಿ. ನಾ ಇದನ್ನ ಕೊಳ್ಳಂಗಿಲ್ಲ. ನೆಟ್ಟಗಿರೋದನ್ನ ಕೆಟ್ಟೈತಂತ ತಗಂಡ್ರ ನನಗ ದಕ್ಕಂಗಿಲ್ಲ" ಎಂದ. ಅಂಥ ಗಿರಾಕಿಯ ಕಾಲಿಗೆ ಬೀಳಬೇಕೆನಿಸಿತು, ಚಹಾ ಕೊಟ್ಟೆ. ಹೊರಡುವ ಮುಂಚೆ ಕೊಟ್ರಮ್ಮನಿಗೆ ಹೇಳಿಕೊಟ್ಟ. "ಎತ್ತಾಕ ಹೋಗಬ್ಯಾಡ್ರಿ ಅಕ್ಕಾರ. ಸ್ಟ್ಯಾಂಡ್ ತುಳಿದು ಮೈಭಾರ ಬಿಡ್ರಿ, ಗಾಡಿ ತಾನಾ ಏರತೈತಿ." ಅವಳು ತುಳಿದಳು, ಏರಿತು. ನಾನು ತುಳಿದೆ, ಚಪ್ಪಲಿ ಕಿತ್ತುಹೋಯಿತು.

ಸೋಮವಾರ ಹೊಗೆಯ ಸುಳಿವಿಲ್ಲದೆ ಶಾಲೆ ಮುಟ್ಟಿದೆವು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಲ್ಲುತ್ತಿದ್ದರು. ಕೊಟ್ರಮ್ಮ ಇಳಿದವಳೇ ಹೊಸ ಸೀರೆಯ ಸೆರಗು ಸಿಕ್ಕಿಸಿ, ಎಲ್ಲರೆದುರು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿದಳು. ಎಣ್ಣೆ ಇಳಿದು ನಿಲ್ಲಲೆಂದು ಎರಡು ನಿಮಿಷ ಕಾದು, ಕಡ್ಡಿ ಎಳೆದು ನೋಡಿ, "ಸರಿ ಐತಿ, ನೀವಿನ್ನ ಹೊಂಡ್ರಿ" ಎಂದಳು. ಹಿಂದಿನ ಸಾಲಿನ ಹುಡುಗಿಯರು ಪ್ರಾರ್ಥನೆ ಮರೆತು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವಳು ಕಡ್ಡಿ ಒರೆಸಿ ಕೊಟ್ಟ ಬಟ್ಟೆಯನ್ನು ನಾನು ಹೆಮ್ಮೆಯಿಂದ ಹಿಡಿದು ನಿಂತಿದ್ದೆ. ಮುಖ್ಯೋಪಾಧ್ಯಾಯರು ಬಂದು ಅವಳಿಗೆ ನಮಸ್ಕಾರ ಹೇಳಿ, ನನ್ನ ಕಡೆ ತಿರುಗಿದರು.

"ಗಾಡಿ ಟೀಚರಮ್ಮಾರದು. ಗೊತ್ತಾತು. ತಾವು?"

ನಾನು ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ತೋರಿಸಿದೆ.