ನಿರೀಕ್ಷಿತ ಫಲಿತಾಂಶ

ಹೊಸಪೇಟೆಯ ಡಿಸ್ಕ್ ಶುದ್ಧೀಕರಣ ಕಚೇರಿಯ ಪರೀಕ್ಷೆಗಳು ಕಳೆದ ಮೂರು ವರ್ಷಗಳಲ್ಲಿ ನೂರಕ್ಕೆ ನೂರು ಯಶಸ್ವಿಯಾಗಿವೆ ಎಂಬುದನ್ನು ಈ ಮೂಲಕ ಎಲ್ಲರ ಗಮನಕ್ಕೆ ತರಲಾಗಿದೆ. ನಡುವೆ ಒಂದು ಸೋಮವಾರ ಮಾತ್ರ ಸೊನ್ನೆ ಬಂದಿತ್ತು. ಆ ಸೋಮವಾರವನ್ನು ಆಮೇಲೆ ರಜಾದಿನವೆಂದು ತಿದ್ದಲಾಯಿತು. ನಾನು ಅಲ್ಲಿಯ ರಿಜಿಸ್ಟರು ಗುಮಾಸ್ತ. ತಿದ್ದಿದವನು ನಾನೇ, ಆದ್ದರಿಂದ ಸಂಶಯಕ್ಕೆ ಆಸ್ಪದವಿಲ್ಲ.

ನಮ್ಮಲ್ಲಿ 'ಶುದ್ಧಿ' ಎಂಬ ತಂತ್ರಾಂಶವಿದೆ. ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು, ಅಂದರೆ ಒಳಗಿದ್ದುದನ್ನೆಲ್ಲ ಒರೆಸಿ ಹೊಸ ನೋಟುಪುಸ್ತಕಕ್ಕೆ ಗೆರೆ ಎಳೆದ ಹಾಗೆ ಖಾಲಿ ಮನೆಗಳನ್ನು ಹಾಕಿಕೊಡುವುದು ಅದರ ಕೆಲಸ. ತಂತ್ರಾಂಶದಲ್ಲಿ ಒಂದಕ್ಷರ ತಿದ್ದಿದರೂ, ಹಿಂದೆ ಸರಿಯಿದ್ದದ್ದು ಈಗ ಕೆಟ್ಟಿದೆಯೇ ಎಂದು ನೋಡಲು ಹಳೆಯ ಪರೀಕ್ಷೆಯನ್ನೇ ಮತ್ತೆ ನಡೆಸಬೇಕು. ಇದಕ್ಕೆ ರಿಗ್ರೆಶನ್ ಟೆಸ್ಟ್ ಎನ್ನುತ್ತಾರೆ. ಮೊದಲ ದಿನ ಏನು ಬಂದಿತ್ತೋ ಇವತ್ತೂ ಅದೇ ಬರಬೇಕು, ಅಷ್ಟೇ. ನಾವು ಶಿಸ್ತಿನವರು, ಯಾರೂ ಏನೂ ತಿದ್ದದಿದ್ದರೂ ಎರಡು ವಾರಕ್ಕೊಮ್ಮೆ ಸೋಮವಾರ ನಡೆಸಿಯೇ ತೀರುತ್ತೇವೆ.

ಮೊದಲ ದಿನ ಎಂದರೆ ಉದ್ಘಾಟನೆಯ ದಿನ. ಡಿಸ್ಕಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಗಣ್ಯರು ಗುಂಡಿ ಒತ್ತಿದರು. ಖಾಲಿ ಡಿಸ್ಕ್ ತರಲು ಮರೆತಿದ್ದರಿಂದ ಕೈಗೆ ಸಿಕ್ಕ ಡಿಸ್ಕನ್ನು ಇಟ್ಟಿದ್ದೆವು. ಅದರಲ್ಲಿ ಕಡ್ಡಿರಾಂಪುರದ ಮೂವತ್ತೇಳು ಮನೆಗಳ ದಾಖಲೆಗಳಿದ್ದವು. ಬಳಕೆಯಲ್ಲಿರುವ ದಾಖಲೆ ಕಂಡರೆ ಶುದ್ಧಿ ಒರೆಸದೆ ನಿಲ್ಲಬೇಕು. ಅದು ನಿಲ್ಲಲಿಲ್ಲ. ಪರದೆಯ ಮೇಲೆ 'ಎಲ್ಲವೂ ಅಳಿಸಿದೆ' ಎಂದು ಬಂತು, ಗಣ್ಯರು ಚಪ್ಪಾಳೆ ತಟ್ಟಿದರು. ನಾನು ರಿಜಿಸ್ಟರಿನ 'ನಿರೀಕ್ಷಿತ ಫಲಿತಾಂಶ' ಎಂಬ ಕಾಲಮಿನಲ್ಲಿ ಅದನ್ನೇ ಬರೆದು, ಉಪನಿರ್ದೇಶಕ ಅಂದಾನಪ್ಪನವರ ಸಹಿ ಹಾಕಿಸಿ, ಪುಟಕ್ಕೆ ಲ್ಯಾಮಿನೇಶನ್ ಮಾಡಿಸಿದೆ.

ಮೂವತ್ತಾರು ಮನೆಯವರು ಅವರಿವರಿಂದ ಫೋನ್ ಮಾಡಿಸಿ ತಮ್ಮ ದಾಖಲೆಗಳನ್ನು ಮತ್ತೆ ಟೈಪು ಮಾಡಿಸಿ ಬೇರೆ ಡಿಸ್ಕಿಗೆ ಹಾಕಿಸಿಕೊಂಡರು. ಉಳಿದದ್ದು ವಿರುಪಮ್ಮನದು. ಹಂಪಿ ರಸ್ತೆಯ ಬದಿಯಲ್ಲಿ, ತನ್ನ ಮನೆಯ ಮುಂದೆಯೇ ಇಡ್ಲಿ ಮಾರುವ ಹೆಂಗಸು. ಫೋನ್ ಮಾಡಿಸಲು ಆಕೆಗೆ ಯಾರೂ ಇರಲಿಲ್ಲ. ಪರೀಕ್ಷೆಗೆ ಒಂದಾದರೂ ನಿಜವಾದ ದಾಖಲೆ ಬೇಕಲ್ಲ? ಹೀಗೆ ಆಕೆ ಆಯ್ಕೆಯಾದಳು.

ವಿರುಪಮ್ಮನಿಗೆ ಬೇಕಾಗಿದ್ದು ಕರೆಂಟಿನ ಮೀಟರು. ಪಕ್ಕದ ಮನೆಯ ಗಾಳೆಪ್ಪ ಎಳೆದುಕೊಟ್ಟ ವೈರಿನಿಂದ ಆಕೆಯ ಗ್ರೈಂಡರ್ ತಿರುಗುತ್ತಿತ್ತು. ಯುಗಾದಿಗೆ ಅವನು ಮನೆ ಕೆಡವಿ ಹೋಮ್‌ಸ್ಟೇ ಕಟ್ಟಿಸುವವನಿದ್ದ. ವೈರು ಹೋದರೆ ಗ್ರೈಂಡರ್ ಇಲ್ಲ, ಗ್ರೈಂಡರ್ ಇಲ್ಲದಿದ್ದರೆ ಇಡ್ಲಿ ಇಲ್ಲ, ಇಡ್ಲಿ ಇಲ್ಲದಿದ್ದರೆ ವಿರುಪಮ್ಮನ ಬದುಕಿಲ್ಲ. ಮೀಟರು ಸಿಗಬೇಕಾದರೆ ಮನೆಯ ದಾಖಲೆ ಕಂಪ್ಯೂಟರಿನಲ್ಲಿ ಸತತ ಇಪ್ಪತ್ತೊಂದು ದಿನ ಕಾಣಿಸಬೇಕು. ನಾವು ಹದಿನಾಲ್ಕನೆಯ ದಿನ ಅಳಿಸುತ್ತಿದ್ದೆವು. ಮರುದಿನ ಆಕೆ ಕಾಗದ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು, ನಾವು ಮತ್ತೆ ಟೈಪು ಮಾಡುತ್ತಿದ್ದೆವು. ಸೇವೆಯಲ್ಲಿ ಲೋಪವಿರಲಿಲ್ಲ.

ಲೋಪ ಬಂದದ್ದು ಸಂಡೂರಿನ ಪೂಜಿತಾಳಿಂದ. ಗುತ್ತಿಗೆಯ ಮೇಲೆ ಬಂದ ಈ ಇಂಜಿನಿಯರ್ ಹುಡುಗಿ, ಯಾರೂ ಹೇಳದಿದ್ದರೂ, ಶುದ್ಧಿಯ ದೋಷ ಹಿಡಿದು ರಿಪೇರಿ ಮಾಡಿದಳು. ಸೋಮವಾರ ಎಂದಿನಂತೆ ಕುಂಕುಮ ಹಚ್ಚಿ ಗುಂಡಿ ಒತ್ತಿದೆವು. 'ಇದರಲ್ಲಿ ವಿರುಪಮ್ಮ ಎಂಬವರ ದಾಖಲೆ ಇದೆ. ಅಳಿಸಲಾಗದು' ಎಂದು ಬಂತು.

ಅಂದಾನಪ್ಪನವರ ಮುಖ ಬಿಳಿಚಿತು. "ಪರೀಕ್ಷೆ ಫೇಲಾತಲ್ಲಮ್ಮ!"

"ಇಲ್ರಿ ಸರ್, ಈಗ ಸರಿಯಾಗೈತಿ. ಮೊದ್ಲ ದಿನಾನ ತಪ್ಪಾಗಿತ್ತು," ಎಂದಳು ಪೂಜಿತಾ.

"ಮೊದ್ಲ ದಿನ ಚಪ್ಪಾಳಿ ಬಿದ್ದಾವ. ತಪ್ಪಿಗೆ ಯಾರರ ಚಪ್ಪಾಳಿ ಹೊಡೀತಾರೇನು?"

"ನಿರೀಕ್ಷಿತ ಫಲಿತಾಂಶ ತಿದ್ದೋಣ್ರಿ ಸರ್. ಒಂದ ಸಾಲು."

"ಲ್ಯಾಮಿನೇಶನ್ ಆಗೈತ್ರಿ," ಎಂದೆ ನಾನು.

ಸಂಜೆಯೊಳಗೆ ಸುತ್ತೋಲೆ ಹೊರಟಿತು: 'ಅನುಮತಿಯಿಲ್ಲದೆ ತಂತ್ರಾಂಶವನ್ನು ಸರಿಪಡಿಸುವುದು ಅಶಿಸ್ತು. ಸರಿಯಾದುದು ಮತ್ತು ನಿರೀಕ್ಷಿತವಾದುದು ಬೇರೆಬೇರೆಯಾದಲ್ಲಿ ನಿರೀಕ್ಷಿತವಾದುದೇ ಸರಿಯೆಂದು ಭಾವಿಸತಕ್ಕದ್ದು. ಇದರಿಂದ ಬಾಧಿತರಾದವರು ಪರೀಕ್ಷೆ ಮುಗಿದ ಬಳಿಕ, ಕಂಪ್ಯೂಟರಿನಲ್ಲಿ ತಮ್ಮ ದಾಖಲೆ ಇದ್ದಲ್ಲಿ, ಅಹವಾಲು ಸಲ್ಲಿಸಬಹುದು.' ಪೂಜಿತಾಳಿಗೆ ಏಳು ದಿನಗಳ ನೋಟಿಸೂ ಹೋಯಿತು.

ನೋಟಿಸಿನ ಅವಧಿ ಮುಗಿಯುವತನಕ ತಂತ್ರಾಂಶವನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ನಮ್ಮದೇ ನಿಯಮ. ಹದಿನಾಲ್ಕಕ್ಕೆ ಏಳು ಕೂಡಿದರೆ ಇಪ್ಪತ್ತೊಂದು. ಪೂಜಿತಾ ಕ್ಯಾಲೆಂಡರಿನಲ್ಲಿ ಮುಂದಿನ ಸೋಮವಾರಕ್ಕೆ ಸುತ್ತು ಹಾಕಿ ನಕ್ಕಳು. ಆ ನಗೆ ನನಗೆ ಹಿಡಿಸಲಿಲ್ಲ.

ಆದರೆ ಶುಕ್ರವಾರ ತಿಂಗಳ ವರದಿ ಹೋಗಬೇಕಿತ್ತು. ಸೊನ್ನೆ ಹೊತ್ತ ವರದಿಗೆ ಸಹಿ ಹಾಕಲು ಅಂದಾನಪ್ಪನವರ ಕೈ ಏಳಲಿಲ್ಲ. ಗುರುವಾರ ವಿರುಪಮ್ಮನನ್ನು ಕರೆಸಿದರು.

"ಕುಂದ್ರಿ ವಿರುಪಮ್ಮ. ಚಾ ಕುಡೀತೀರೇನು?"

ಮೂರು ವರ್ಷದಲ್ಲಿ ಮೊದಲ ಸಲ ಕುರ್ಚಿ ಸಿಕ್ಕಿತ್ತು, ಆಕೆ ಹೆದರಿದಳು.

"ನಿಮ್ಮ ದಾಖಲೆ ಉಳದೈತಿ. ಭಾಳ ತೊಂದ್ರಿ ಆಗೈತಿ ನೋಡ್ರಿ."

"ನಾನೇನೂ ಮುಟ್ಟಿಲ್ರಿ ಸಾಹೇಬ್ರ, ನಿಮ್ಮಾಣಿ."

"ಇರ್ಲಿ. ನಿಮಗ ಬೇಕಾಗಿದ್ದು ದಾಖಲೆನೋ, ಕರೆಂಟೋ?"

"ಕರೆಂಟ್ರಿ. ಯುಗಾದಿಗೆ ಎಂಟ ದಿನ ಉಳದೈತಿ."

"ನಮ್ಮ ಕಚೇರಿ ಹೆಸರಿಗಾದ್ರ ಮೀಟರು ಎರಡ ದಿನದಾಗ ಬರತೈತಿ. ನಿಮ್ಮ ಮನೀನ ನಮ್ಮ ವಿಸ್ತರಣಾ ಶಾಖೆ ಅಂತ ಬರಕೋತೀವಿ. ದಾಖಲೆ ಅಳಿಸಾಕ ನೀವು ಹೂಂ ಅನ್ರಿ, ಅಷ್ಟ ಸಾಕು."

ಪೂಜಿತಾ ಎದ್ದು ಬಂದಳು. "ಬ್ಯಾಡಬೇ ಯವ್ವಾ. ಇನ್ನ ನಾಲ್ಕ ದಿನ ತಡಿ. ಮನಿ ನಿನ್ನ ಹೆಸರಿಲೇ ಉಳೀತೈತಿ, ಮೀಟರೂ ನಿಂದ ಆಗತೈತಿ."

ವಿರುಪಮ್ಮ ಅವಳ ಕೈ ಹಿಡಿದುಕೊಂಡಳು. "ಮೂರು ವರ್ಷದಿಂದ ನಾಲ್ಕ ದಿನ ತಡಿ ಅಂತಾನ ಹೇಳ್ತಾರವ್ವಾ. ನಾ ತಡದೇನು. ಹಿಟ್ಟು ತಡಿಯಂಗಿಲ್ಲ."

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನಾಚಿಕೆಗೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಪೂಜಿತಾ ತನ್ನ ನೋಟಿಸನ್ನು ಒಮ್ಮೆ ನೋಡಿಕೊಂಡಳು. ಗುತ್ತಿಗೆಯವರಿಗೆ ಎರಡನೆಯ ನೋಟಿಸು ಬರುವುದಿಲ್ಲ, ನೇರ ಮನೆಯೇ. ಅಂದಾನಪ್ಪನವರು ನೋಟಿಸು ಹಿಂದಕ್ಕೆ ಪಡೆದರು, ಅವಳು ಶುದ್ಧಿಯಲ್ಲಿ ಒಂದು ಪ್ರಶ್ನೆ ಸೇರಿಸಿದಳು. ಈಗ ಅದು ಹಟ ಹಿಡಿಯುವುದಿಲ್ಲ, ಕೇಳುತ್ತದೆ: 'ವಿರುಪಮ್ಮನವರೇ, ನಿಮ್ಮ ದಾಖಲೆ ಅಳಿಸಲೇ?' ವಿರುಪಮ್ಮ ಸೆರಗಿಗೆ ಬೆರಳು ಒರೆಸಿಕೊಂಡು, ತೋರಿಸಿದ ಗುಂಡಿ ಒತ್ತಿದಳು. 'ಎಲ್ಲವೂ ಅಳಿಸಿದೆ.' ನಾವು ಚಪ್ಪಾಳೆ ತಟ್ಟಿದೆವು, ಆಕೆಯೂ ತಟ್ಟಿದಳು.

ಶನಿವಾರವೇ ಮೀಟರು ಬಂತು. ಗ್ರೈಂಡರ್ ತಿರುಗುತ್ತಿದೆ. ಆ ಮನೆ ಯಾರದೆಂದು ಕಂಪ್ಯೂಟರಿನಲ್ಲಿ ಹುಡುಕಿದರೆ ನಮ್ಮ ಕಚೇರಿಯ ಹೆಸರು ಬರುತ್ತದೆ. ಅಂದಾನಪ್ಪನವರು ದಿನಾ ಬೆಳಿಗ್ಗೆ ಶಾಖೆಯ ತಪಾಸಣೆಗೆ ಹೋಗುತ್ತಾರೆ. ತಪಾಸಣೆ ನಾಲ್ಕು ಇಡ್ಲಿಗೆ ಮುಗಿಯುತ್ತದೆ, ಚಟ್ನಿ ಚೆನ್ನಾಗಿದ್ದ ದಿನ ಆರಕ್ಕೆ.

ಪರೀಕ್ಷೆ ಮಾತ್ರ ನಿಂತಿಲ್ಲ. ಮೀಟರು ನಮ್ಮ ಹೆಸರಿನಲ್ಲಿರುವುದರಿಂದ ಎರಡು ವಾರಕ್ಕೊಮ್ಮೆ ಸೋಮವಾರ ವಿರುಪಮ್ಮ ತಪ್ಪದೆ ಬರುತ್ತಾಳೆ. ನಾನು ಆಕೆಯ ದಾಖಲೆ ಟೈಪು ಮಾಡುತ್ತೇನೆ, ಆಕೆ ಕುಂಕುಮ ಹಚ್ಚುತ್ತಾಳೆ. ಮನೆಯಲ್ಲಿ ಹಿಟ್ಟು ಬಿಟ್ಟು ಬಂದಿರುವ ಅವಸರ. ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಆಕೆಯ ಬೆರಳು ಗುಂಡಿಯ ಮೇಲಿರುತ್ತದೆ. ಹೊಸ ಪ್ರಶ್ನೆ ಸೇರಿದ್ದರಿಂದ ನಿರೀಕ್ಷಿತ ಫಲಿತಾಂಶಕ್ಕೆ ಹೊಸ ಪುಟ ಬೇಕಾಯಿತು. 'ಮಾಲೀಕರು ತಾವಾಗಿಯೇ ಹೌದು ಎಂದರು' ಎಂದು ಪೂಜಿತಾಳೇ ದುಂಡಗೆ ಬರೆದಳು. ಲ್ಯಾಮಿನೇಶನ್ ಅಂಗಡಿಗೂ ಈ ಸಲ ಅವಳೇ ಹೋಗಿಬಂದಳು.